ಗಾಳಿಯಲ್ಲಿ ಬರುವ ಟೀವಿಗೆ ಬೀಗ ಯಾಕೆ?

ಅಮೆರಿಕದಲ್ಲಿ ಟೀವಿ ನೋಡೋಕೆ ಕೇಬಲ್ಲೂ ಬೇಡ, ಇಂಟರ್‌ನೆಟ್ಟೂ ಬೇಡ, ಒಂದು ಆಂಟೆನಾ ಸಾಕು ಅಂದರೆ ಇಲ್ಲಿಗೆ ಹೊಸದಾಗಿ ಬಂದ ನಮ್ಮವರು ನಂಬೋದೇ ಇಲ್ಲ. ಎನ್‌ಬಿಸಿ, ಸಿಬಿಎಸ್, ಎಬಿಸಿ, ಫಾಕ್ಸ್, ಪಿಬಿಎಸ್ ಎಲ್ಲ ಬಿಲ್ ಇಲ್ಲದೆ ಬರುತ್ತವೆ. ನಾನಿರೋದು ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ. ಇಲ್ಲಿನ ಟೀವಿ ಟವರ್‌ಗಳು ಸೌತ್ ಮೌಂಟನ್ ಬೆಟ್ಟದ ಮೇಲಿವೆ, ಆಂಟೆನಾ ಆ ಕಡೆ ತಿರುಗಿಸಿದರೆ ಮುಗಿಯಿತು.

ಈ ಪ್ರಸಾರ ಈಗ ಬದಲಾಗುತ್ತಿದೆ. ಇಷ್ಟು ದಿನ ಇದ್ದದ್ದು ಎಟಿಎಸ್‌ಸಿ 1.0 ಎಂಬ ಡಿಜಿಟಲ್ ಪ್ರಸಾರ ಪದ್ಧತಿ, ಬರುತ್ತಿರುವುದು ಎಟಿಎಸ್‌ಸಿ 3.0. ಅಂಗಡಿಯಲ್ಲಿ ಇದನ್ನೇ ‘ನೆಕ್ಸ್ಟ್‌ಜೆನ್ ಟೀವಿ’ ಅಂತಾರೆ. ಇಲ್ಲಿನ ಪ್ರಸಾರ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಎಫ್‌ಸಿಸಿ 2017ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು, ಮೊದಮೊದಲ ಪ್ರಯೋಗಗಳು ನಡೆದ ಊರುಗಳಲ್ಲಿ ನಮ್ಮ ಫೀನಿಕ್ಸೂ ಒಂದು.

ತಂತ್ರಜ್ಞಾನ ನಿಜಕ್ಕೂ ಚೆನ್ನಾಗಿದೆ. ನಮ್ಮ ಮನೆ ಮೇಲೆ ವಿಮಾನ ಹಾದುಹೋದರೆ ಹಳೆಯ ಪ್ರಸಾರದ ಒಂದು ಚಾನೆಲ್ ಒಡೆದುಹೋಗುತ್ತದೆ. ಸುದ್ದಿ ಓದುವವರ ಗಲ್ಲ ಮೊದಲು ಚೌಕ ಚೌಕವಾಗುತ್ತದೆ, ಆಮೇಲೆ ಮಾತು ತುಂಡಾಗುತ್ತದೆ, ಚಿತ್ರ ಹಾಗೇ ನಿಂತು ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಟವರ್‌ನಿಂದ ನೇರ ಬಂದ ಅಲೆಯ ಜೊತೆ ವಿಮಾನಕ್ಕೆ ಬಡಿದು ತಡವಾಗಿ ಬಂದ ಅಲೆ ಬೆರೆತಾಗ ಹಳೆಯ 8-ವಿಎಸ್‌ಬಿ ಪದ್ಧತಿ ತಡಬಡಾಯಿಸುತ್ತದೆ. 3.0ರಲ್ಲಿರೋದು ಒಎಫ್‌ಡಿಎಂ. ಅದು ಮಾಹಿತಿಯನ್ನು ಸಾವಿರಾರು ಸಣ್ಣ ಅಲೆಗಳಿಗೆ ಹಂಚಿ ಕಳಿಸುತ್ತದೆ, ಹಾಗಾಗಿ ಇಂಥ ಪ್ರತಿಧ್ವನಿಯನ್ನು ತಡೆದುಕೊಳ್ಳುತ್ತದೆ. ಅದೇ ಆಂಟೆನಾಗೆ 3.0 ಹಿಡಿಯುವ ಹೊಸ ಪೆಟ್ಟಿಗೆ (ಟ್ಯೂನರ್) ಸಿಕ್ಕಿಸಿದ ಮೇಲೆ ವಿಮಾನ ಹೋದದ್ದು ಸದ್ದಿನಿಂದಷ್ಟೇ ಗೊತ್ತಾಗುತ್ತದೆ. ಚಿತ್ರವನ್ನು ಕುಗ್ಗಿಸಿ ಕಳಿಸೋಕೆ ಹಳೆಯ ಎಂಪೆಗ್-2 ಬದಲು ಹೊಸ ಎಚ್‌ಇವಿಸಿ ವಿಧಾನ ಇರುವುದರಿಂದ ಒಂದು ಚಾನೆಲ್‌ಗೆ ಸಿಗುವ ಅದೇ 6 ಮೆಗಾಹರ್ಟ್ಸ್‌ನಲ್ಲಿ ಹೆಚ್ಚು ಒಳ್ಳೆಯ ಚಿತ್ರ ಹಿಡಿಸುತ್ತದೆ. ಇದಕ್ಕೆ ಬೇಕಾದ ಚಿಪ್‌ಗಳನ್ನು ರೂಪಿಸಿದವರಲ್ಲಿ ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಕೂಡ ಇದೆ. ಅದು ನನಗೆ ಹೆಮ್ಮೆ.

ಸಿಟ್ಟು ಬರೋದು ಬೀಗ ನೋಡಿದಾಗ. ಹಲವು ಟೀವಿ ಕೇಂದ್ರಗಳು 3.0 ಪ್ರಸಾರಕ್ಕೆ ಡಿಆರ್‌ಎಂ ಹಾಕಿವೆ, ಅಂದರೆ ಒಪ್ಪಿಗೆ ಪಡೆದ ಪೆಟ್ಟಿಗೆಗಳಲ್ಲಷ್ಟೇ ತೆರೆಯುವ ಡಿಜಿಟಲ್ ಬೀಗ. ಪಕ್ಕದ ಮನೆಯ ಅಜ್ಜಿಗೆ ಆಂಟೆನಾ ಹಾಕಿಕೊಟ್ಟಿದ್ದು ನಾನೇ. ಮಧ್ಯಾಹ್ನದ ಧಾರಾವಾಹಿ ರೆಕಾರ್ಡ್ ಮಾಡಿಟ್ಟು ರಾತ್ರಿ ನೋಡುತ್ತಾರೆ, ಮನೆಯಲ್ಲಿ ಇಂಟರ್‌ನೆಟ್ ಇಲ್ಲ. 3.0 ಟ್ಯೂನರ್ ಒಂದನ್ನು ತಂದು ಅವರ ಟೀವಿಗೆ ಜೋಡಿಸಿ ಚಾನೆಲ್ ಹುಡುಕಿಸಿದೆ. ಹೆಸರುಗಳೆಲ್ಲ ಪಟ್ಟಿಯಲ್ಲಿ ಬಂದವು, ಸಿಗ್ನಲ್ ಪಟ್ಟಿ ಪೂರ್ತಿ ಹಸಿರು. ಒಂದೊಂದೇ ಒತ್ತಿದರೆ ಕಪ್ಪು ಪರದೆ, ಈ ಚಾನೆಲ್ ತೋರಿಸಲಾಗದು ಎಂಬ ಒಂದು ಸಾಲು. ‘ಆಂಟೆನಾ ಸರಿಯಾಗಿದೆ ತಾನೇ?’ ಅಂತ ಅವರು ಕೇಳಿದರು. ಆಂಟೆನಾ ಸರಿಯಾಗೇ ಇತ್ತು, ತಡೆದದ್ದು ಬೀಗ.

ಸಾರ್ವಜನಿಕ ತರಂಗಾಂತರದಲ್ಲಿ, ಸರ್ಕಾರದ ಪರವಾನಗಿ ಪಡೆದು ಕಳಿಸುವ ಉಚಿತ ಪ್ರಸಾರಕ್ಕೆ ಬೀಗ ಹಾಕುವ ಹಕ್ಕು ಯಾರಿಗೂ ಇರಬಾರದು. ಟೀವಿ ಕಾರ್ಯಕ್ರಮವನ್ನು ಮನೆಯಲ್ಲಿ ರೆಕಾರ್ಡ್ ಮಾಡಿ ಆಮೇಲೆ ನೋಡುವುದು ತಪ್ಪಲ್ಲ ಅಂತ ಇಲ್ಲಿನ ಸುಪ್ರೀಂ ಕೋರ್ಟ್ 1984ರಲ್ಲೇ, ಸೋನಿ ಕಂಪನಿಯ ಬೆಟಾಮ್ಯಾಕ್ಸ್ ವಿಡಿಯೊ ರೆಕಾರ್ಡರ್ ಪ್ರಕರಣದಲ್ಲಿ ಹೇಳಿದೆ. ಡಿಜಿಟಲ್ ಪ್ರಸಾರದ ನಕಲು ತಡೆಯುವ ‘ಬ್ರಾಡ್‌ಕಾಸ್ಟ್ ಫ್ಲ್ಯಾಗ್’ ನಿಯಮವನ್ನು ಎಫ್‌ಸಿಸಿ ತಂದಾಗ 2005ರಲ್ಲಿ ನ್ಯಾಯಾಲಯ ಅದನ್ನು ಹೊಡೆದುಹಾಕಿತು. ಅದೇ ಆಸೆ ಈಗ ಬೇರೆ ಬಾಗಿಲಿಂದ ಒಳಗೆ ಬರುತ್ತಿದೆ.

ಕೇಂದ್ರಗಳ ಕಷ್ಟವೂ ಇದೆ, ಇಲ್ಲ ಅನ್ನೋದಿಲ್ಲ. ಹಳೆಯ ಟೀವಿಗಳಿಗೆ 3.0 ಅರ್ಥವಾಗದು, ಹಾಗಾಗಿ ಎರಡೂ ಪ್ರಸಾರ ನಡೆಸಬೇಕು. ಅದಕ್ಕೆ ಹೆಚ್ಚುವರಿ ತರಂಗಾಂತರ ಸಿಕ್ಕಿಲ್ಲ. ಒಂದು ಊರಿನ ಹಲವು ಕೇಂದ್ರಗಳು ಒಂದೇ 6 ಮೆಗಾಹರ್ಟ್ಸ್ ಚಾನೆಲ್‌ನ ಇಕ್ಕಟ್ಟಿನಲ್ಲಿ 3.0 ಹಂಚಿಕೊಂಡಿವೆ, ಅದಕ್ಕೇ 3.0 ಬಂದರೆ ಸಿಗುತ್ತದೆ ಅಂದಿದ್ದ ಅತಿ ಸ್ಪಷ್ಟ 4ಕೆ ಚಿತ್ರ ಅಷ್ಟಾಗಿ ಕಾಣೋದಿಲ್ಲ. ಪ್ರಸಾರಕರ ಸಂಘ ಎನ್‌ಎಬಿ, ದೊಡ್ಡ 55 ಮಾರುಕಟ್ಟೆಗಳಲ್ಲಿ 2028ರ ಫೆಬ್ರುವರಿಗೆ, ಉಳಿದೆಡೆ 2030ರ ಫೆಬ್ರುವರಿಗೆ 1.0 ನಿಲ್ಲಿಸಬೇಕೆಂದು ಕೇಳಿದೆ. 2025ರ ಅಕ್ಟೋಬರ್‌ನಲ್ಲಿ ಎಫ್‌ಸಿಸಿ, ಹಳೆಯದನ್ನು ಯಾವಾಗ ನಿಲ್ಲಿಸಬೇಕೆಂಬುದನ್ನು ಕೇಂದ್ರಗಳಿಗೇ ಬಿಡುವ ಪ್ರಸ್ತಾಪ ಮುಂದಿಟ್ಟಿತು.

2009ರ ಜೂನ್ 12ರಂದು, 1.0ಕ್ಕೂ ಹಿಂದಿನ ಅನಲಾಗ್ ಪ್ರಸಾರ ನಿಂತಾಗ ಸರ್ಕಾರ ಮನೆಗೆ ಎರಡರವರೆಗೆ 40 ಡಾಲರ್‌ನ ಕೂಪನ್ ಕೊಟ್ಟಿತ್ತು, ಯಾವ ಕನ್ವರ್ಟರ್ ಪೆಟ್ಟಿಗೆ ಕೊಂಡರೂ ಟೀವಿ ಬರುತ್ತಿತ್ತು. ಈ ಸಲವೂ ಅಷ್ಟು ಮಾಡಲಿ. ಪೇಟೆಂಟ್ ಜಗಳದಿಂದ ಎಲ್‌ಜಿ 2024ರ ತನ್ನ ಟೀವಿಗಳಿಂದ 3.0 ಟ್ಯೂನರನ್ನೇ ಕೈಬಿಟ್ಟಿತು. ಹೀಗಿರುವಾಗ ಅಜ್ಜಿಯಂಥವರು ಎಲ್ಲಿ ಹೋಗಬೇಕು?

ಎಫ್‌ಸಿಸಿಯಲ್ಲಿ ಈ ವಿಷಯದ ಕಡತ ಸಂಖ್ಯೆ 16-142. ಅದಕ್ಕೆ ಯಾರು ಬೇಕಾದರೂ ಅಭಿಪ್ರಾಯ ಬರೆಯಬಹುದು, ವಕೀಲರ ಭಾಷೆ ಬೇಕಿಲ್ಲ. ನಾನು ಬರೆದಿದ್ದೇನೆ: 3.0 ಬರಲಿ, ಬೀಗ ಮೊದಲು ತೆಗೆಯಿರಿ, ಅಗ್ಗದ ಪೆಟ್ಟಿಗೆ ಎಲ್ಲರ ಕೈಗೆ ಸಿಗುವವರೆಗೆ ಹಳೆಯದನ್ನು ಮುಟ್ಟಬೇಡಿ. ಮನೆಯಲ್ಲಿ ಆಂಟೆನಾ ಇರುವವರು ನೀವೂ ಬರೆಯಿರಿ.