ಕೆಂಪು ಗೆರೆಯೊಳಗಿನ ಚಿನ್ನ
ಪ್ರೆಗ್ನೆನ್ಸಿ ಕಿಟ್‌ನಲ್ಲಿ ಮೂಡುವ ಕೆಂಪು ಗೆರೆ ಇದೆಯಲ್ಲ, ಎಷ್ಟೋ ಕಿಟ್‌ಗಳಲ್ಲಿ ಅದು ನಿಜವಾದ ಚಿನ್ನ! ಸುಮಾರು 40 ನ್ಯಾನೋಮೀಟರ್‌ನಷ್ಟು ಸಣ್ಣ ಕಣವಾದರೆ ಚಿನ್ನ ಹಳದಿಯಾಗಿ ಉಳಿಯುವುದಿಲ್ಲ. ಅದರ ಎಲೆಕ್ಟ್ರಾನ್‌ಗಳು ಬೆಳಕಿನ ಜೊತೆ ಒಟ್ಟಿಗೆ ಓಲಾಡಿ ಹಸಿರು ಬೆಳಕನ್ನು ಹೀರುತ್ತವೆ. ನಮಗೆ ಕೆಂಪು ಕಾಣುತ್ತದೆ. ಈ ಕಣಗಳಿಗೆ ಆ್ಯಂಟಿಬಾಡಿ (ಒಂದು ನಿರ್ದಿಷ್ಟ ವಸ್ತುವನ್ನೇ ಗುರುತಿಸಿ ಹಿಡಿಯುವ ಪ್ರೋಟೀನ್) ಅಂಟಿಸಿರುತ್ತಾರೆ. ಮೂತ್ರದಲ್ಲಿ ಗರ್ಭದ ಹಾರ್ಮೋನ್ ಸಿಕ್ಕರೆ ಅದನ್ನು ಹಿಡಿದುಕೊಂಡು ಹೋಗಿ ಗೆರೆಯ ಜಾಗದಲ್ಲಿ ಗುಂಪುಗೂಡುತ್ತವೆ. ಎಷ್ಟು ಚೆಂದ ಅಲ್ವಾ?

ಇಂಥವೇ ಇನ್ನೊಂದು ಬಗೆಯ ಪುಟ್ಟ ಕಣಗಳು ಕ್ವಾಂಟಮ್ ಡಾಟ್‌ಗಳು, ಅಂದರೆ ಅರೆವಾಹಕದ (ಸೆಮಿಕಂಡಕ್ಟರ್) ನ್ಯಾನೋ ಕಣಗಳು. ಅವಾದರೆ ಬೆಳಕು ಹೀರಿ ತಾವೇ ಬೆಳಗುತ್ತವೆ. ಸೈಜ್ ಬದಲಾದರೆ ಬಣ್ಣವೂ ಬದಲು. 2023ರ ಕೆಮಿಸ್ಟ್ರಿ ನೊಬೆಲ್ ಅದಕ್ಕೇ ಬಂತು. ಆದರೂ ನನಗೆ ಚಿನ್ನದ ಮೇಲೇ ಪ್ರೀತಿ ಜಾಸ್ತಿ. ಕರೆಂಟ್ ಬೇಡ, ಮೆಷಿನ್ ಬೇಡ. ಆಶಾ ಕಾರ್ಯಕರ್ತೆಯರ ಬ್ಯಾಗಿನಲ್ಲಿ ಈ ಕಿಟ್ ಹಳ್ಳಿ ಹಳ್ಳಿಯ ಮನೆಬಾಗಿಲಿಗೂ ಹೋಗುತ್ತದೆ.