ಸೆಂಬುಂಗಾನ್‌ನಲ್ಲಿ ವಿಷದ ಇಬ್ಬನಿ ಬಿದ್ದ ದಿನ

ನಸುಕಿನ ಮೂರೂವರೆ ಗಂಟೆಗೆ ಅಡುಗೆಮನೆಯ ಕದ ತೆರೆದ ಸದ್ದಿಗೆ ನನಗೆ ಎಚ್ಚರವಾಯಿತು. ಜಾವಾ ದ್ವೀಪದ ಅತಿ ಎತ್ತರದ ಹಳ್ಳಿ ಎಂದು ಹೆಸರಾದ ಸೆಂಬುಂಗಾನ್‌ಗೆ ಬಂದ ಪ್ರವಾಸಿಗರು ಆ ಹೊತ್ತಿಗೆ ಏಳುವುದು ಊರ ಪಕ್ಕದ ಸಿಕುನಿರ್ ಗುಡ್ಡ ಹತ್ತಿ ಸೂರ್ಯೋದಯ ನೋಡಲಿಕ್ಕೆ. ನಾನೂ ಅದಕ್ಕೆಂದೇ ಬಂದಿದ್ದೆ. ಆದರೆ ನಾನು ಉಳಿದುಕೊಂಡಿದ್ದ ಮನೆಯ ಯಜಮಾನರು ಹೊಸ್ತಿಲ ಬಳಿ ಕುಳಿತು ರಬ್ಬರ್ ಬೂಟು ಏರಿಸಿಕೊಳ್ಳುತ್ತಿದ್ದರು, ಪಕ್ಕದಲ್ಲಿ ಪ್ಲಾಸ್ಟಿಕ್ ಪೈಪಿನ ದೊಡ್ಡ ಸುರುಳಿ ಇತ್ತು. ಹಿಂದಿನ ಸಂಜೆಯಿಂದ ನನಗೂ ಮನೆಯವರಿಗೂ ನಡುವೆ ದುಭಾಷಿಯಾಗಿದ್ದ ಅವರ ಮಗ ನನ್ನನ್ನು ನೋಡಿ ಎರಡೇ ಪದ ಹೇಳಿದ: "ಬುನ್ ಉಪಾಸ್." ಜಾವಾನೀಸ್ ಭಾಷೆಯಲ್ಲಿ ಬುನ್ ಎಂದರೆ ಇಬ್ಬನಿ, ಉಪಾಸ್ ಎಂದರೆ ವಿಷ. ಇಬ್ಬನಿ ಹೆಪ್ಪುಗಟ್ಟಿ ಬೆಳೆಯನ್ನು ಸುಡುವ ರಾತ್ರಿಗೆ ಡಿಯೆಂಗ್ ಪ್ರಸ್ಥಭೂಮಿಯ ರೈತರು ಇಟ್ಟಿರುವ ಹೆಸರು ಅದು. ಕೆಳಗಿನ ಬಯಲಿನಲ್ಲಿ ಅವರು ಗುತ್ತಿಗೆಗೆ ಹಿಡಿದಿದ್ದ ಹೊಲವೊಂದಿತ್ತು, ಅದರಲ್ಲಿ ಆಲೂಗೆಡ್ಡೆ ನಾಟಿ ಮಾಡಿ ಇನ್ನೂ ನಲವತ್ತು ದಿನ ತುಂಬಿರಲಿಲ್ಲ. ನಾನು ಗುಡ್ಡ ಹತ್ತುವ ಯೋಚನೆ ಬಿಟ್ಟು, ನಾನೂ ಬರಬಹುದೇ ಎಂದು ಕೇಳಿದೆ.

ಹಾಗೆ ಕೇಳಲು ಕಾರಣವಿತ್ತು. ನಾನು ಹಾಸನ ಜಿಲ್ಲೆಯವನು; ಮುಂಗಾರಿನ ಮೊದಲ ಮಳೆಗೆ ಗೆಡ್ಡೆ ಊರುವ ಮನೆಯಲ್ಲಿ ಹುಟ್ಟಿದವನು. ಬಿತ್ತನೆಗೆಂದು ಜಲಂಧರದಿಂದ ಲಾರಿಯಲ್ಲಿ ಬರುವ ಕುಫ್ರಿ ಜ್ಯೋತಿಯ ಚೀಲಗಳು, ಕಣ್ಣು ಉಳಿಯುವಂತೆ ಕುಡುಗೋಲಿನಲ್ಲಿ ಗೆಡ್ಡೆ ಹೋಳು ಮಾಡುವ ಹೆಂಗಸರು, ಜಡಿಮಳೆ ಹಿಡಿದರೆ ಎಲೆಯ ಅಂಚಿನಲ್ಲಿ ಕಾಣಿಸಿಕೊಳ್ಳುವ ಅಂಗಮಾರಿಯ ಕಪ್ಪು ಚುಕ್ಕೆ, ಇವೆಲ್ಲ ನನ್ನ ಬಾಲ್ಯದ ಭಾಗ. ಅಂಗಮಾರಿಯ ಹೊಡೆತ ತಾಳಲಾರದೆ ನಮ್ಮ ಕಡೆಯ ಎಷ್ಟೋ ಮನೆಗಳು ಮುಸುಕಿನ ಜೋಳಕ್ಕೆ, ಶುಂಠಿಗೆ ತಿರುಗಿದವು. ನಮ್ಮ ತಂದೆ ಇನ್ನೂ ಎರಡು ಎಕರೆಯಲ್ಲಿ ಗೆಡ್ಡೆ ಬಿಟ್ಟಿಲ್ಲ. ಯೋಗ್ಯಕರ್ತಾದಲ್ಲಿ ಒಂದು ವಾರದ ಕೆಲಸ ಮುಗಿಸಿ, ಉಳಿದ ಎರಡು ದಿನ ಎಲ್ಲಿಗಾದರೂ ಹೋಗಿಬರೋಣವೆಂದು ವೊನೊಸೊಬೊ ಪಟ್ಟಣಕ್ಕೆ ಬಂದು ಅಲ್ಲಿಂದ ಸಣ್ಣ ಬಸ್ಸಿನಲ್ಲಿ ಘಟ್ಟ ಏರಿದಾಗ, ಕಿಟಕಿಯ ಹೊರಗೆ ಕಂಡದ್ದು ಬೆಟ್ಟದ ನೆತ್ತಿಯವರೆಗೂ ಹಬ್ಬಿದ್ದ ಆಲೂಗೆಡ್ಡೆಯ ಸಾಲುಗಳು, ರಸ್ತೆಯ ಬದಿಯಲ್ಲಿ ಒಟ್ಟಿದ್ದ ಕೋಳಿಗೊಬ್ಬರದ ಚೀಲಗಳು. ಬಸ್ಸಿನೊಳಗೆ ತುಂಬಿಕೊಂಡ ಆ ಗೊಬ್ಬರದ ಘಾಟಿಗೆ ಉಳಿದವರು ಮೂಗು ಮುಚ್ಚಿಕೊಂಡರೆ, ನನಗೆ ಊರಿಗೆ ಬಂದಂತಾಯಿತು.

ಸೆಂಬುಂಗಾನ್ ಇರುವುದು ಸಮುದ್ರಮಟ್ಟದಿಂದ ಸುಮಾರು 2300 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ಶಿಖರಕ್ಕಿಂತಲೂ ಎತ್ತರದಲ್ಲಿ ಒಂದು ಇಡೀ ಊರು, ಮಸೀದಿ, ಶಾಲೆ, ಕೆರೆ ಮತ್ತು ಹೊಲಗಳ ಸಮೇತ ಬದುಕುತ್ತಿದೆ. ಕೆರೆಯ ಹೆಸರು ತೆಲಾಗ ಚೆಬೊಂಗ್, ಅಂದರೆ ಗೊದಮೊಟ್ಟೆಯ ಕೆರೆ. ಮಧ್ಯ ಜಾವಾ ಪ್ರಾಂತ್ಯದ ವೊನೊಸೊಬೊ ಜಿಲ್ಲೆಗೆ ಸೇರಿದ ಈ ಊರಿಗೆ ಡಿಯೆಂಗ್‌ನ ಮುಖ್ಯ ರಸ್ತೆಯಿಂದ ಏಳೆಂಟು ಕಿಲೋಮೀಟರ್ ಒಳಗೆ ಹೋಗಬೇಕು. ಇದು ಜ್ವಾಲಾಮುಖಿಯ ಸೀಮೆ. ದಾರಿಯಲ್ಲಿ ಗಂಧಕದ ಹೊಗೆಯುಗುಳುವ ಕುಳಿಗಳೂ ಭೂಶಾಖದ ವಿದ್ಯುತ್ ಸ್ಥಾವರಕ್ಕೆ ಹಬೆ ಒಯ್ಯುವ ದಪ್ಪ ಕೊಳವೆಗಳೂ ಸಿಗುತ್ತವೆ.

ಹಿಂದಿನ ಸಂಜೆ ನಾನು ತಲುಪಿದಾಗ ಮನೆಯವರು ನನ್ನನ್ನು ಕೂರಿಸಿದ್ದು ನಡುಮನೆಯಲ್ಲಲ್ಲ, ಒಲೆಯ ಮುಂದೆ. ಪಾವೊನ್ ಎಂದು ಅವರು ಕರೆಯುವ ಅಡುಗೆಮನೆಯೇ ಅಲ್ಲಿ ಅತಿಥಿಗಳ ಕೋಣೆ, ಏಕೆಂದರೆ ಬೆಚ್ಚಗಿರುವ ಜಾಗ ಅದೊಂದೇ. ಮನೆಯ ಹಿರಿಯಜ್ಜಿಯನ್ನು ಎಲ್ಲರೂ ಸಿಂಬಾ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಸಾರೊಂಗನ್ನು ಹೆಗಲಿಗೆ ಕಂಬಳಿಯಂತೆ ಹೊದ್ದಿದ್ದ ಅವರು ಕೆಂಡ ಕೆದಕುತ್ತ ನನ್ನ ಮುಂದೆ ಬಿಸಿ ಚಹಾ, ತೆಂಪೆ ಕೆಮುಲ್ ಇಟ್ಟರು. ಹುದುಗಿಸಿದ ಸೋಯಾ ಅವರೆಯ ಬಿಲ್ಲೆಯನ್ನು ಅರಿಸಿನ ಬೆರೆಸಿದ ಹಿಟ್ಟಿನಲ್ಲಿ ಅದ್ದಿ ಕರಿದ ತಿಂಡಿ ಅದು. ಕೆಮುಲ್ ಎಂದರೆ ಹೊದಿಕೆಯಂತೆ. ಆ ಚಳಿಯಲ್ಲಿ ತಿಂಡಿಗೂ ಹೊದಿಕೆ ಹೊದಿಸಿದ ಹೆಸರು ನನಗೆ ಬಹಳ ಹಿಡಿಸಿತು. ತಲೆಯೆತ್ತಿದರೆ ಅಟ್ಟದ ಮೇಲೆ ಹಲಗೆಗಳಲ್ಲಿ ಒಂದೇ ಪದರವಾಗಿ ಹರಡಿದ ಬಿತ್ತನೆ ಗೆಡ್ಡೆಗಳು ಕಂಡವು. ಯಜಮಾನರು ಒಂದನ್ನು ಇಳಿಸಿ ಕೊಟ್ಟರು. ಕೋಳಿಮೊಟ್ಟೆಯಷ್ಟು ಗಾತ್ರ, ಸುಕ್ಕುಗಟ್ಟಿದ ಸಿಪ್ಪೆ, ನಾಲ್ಕು ಕಣ್ಣುಗಳಲ್ಲಿ ನೇರಳೆ ಬುಡದ ಗಿಡ್ಡ ಮೊಳಕೆಗಳು. ತಳಿ ಗ್ರನೋಲಾ. ನಾವು ಗೆಡ್ಡೆಯನ್ನು ಹೋಳು ಮಾಡಿ ಊರುತ್ತೇವೆ ಎಂದು ಕೈಸನ್ನೆಯಲ್ಲಿ ತೋರಿಸಿದಾಗ ಅಜ್ಜಿ ಗಾಬರಿಯಿಂದ ತಲೆಯಾಡಿಸಿದರು. ಕೊಯ್ದರೆ ಕೊಳೆಯುವುದಿಲ್ಲವೇ ಎಂದು ಮೊಮ್ಮಗನಿಂದ ಕೇಳಿಸಿದರು. ಅದೇ ಭಯವನ್ನು ನಮ್ಮ ಅಜ್ಜಿಯೂ ಪ್ರತಿ ವರ್ಷ ಪಡುತ್ತಿದ್ದರು.

ಒಲೆಯ ಇನ್ನೊಂದು ಬದಿಯಲ್ಲಿ ಪಕ್ಕದ ಮನೆಯ ಐದಾರು ವರ್ಷದ ಹುಡುಗಿಯೊಬ್ಬಳು ಕುಳಿತಿದ್ದಳು, ತಲೆಯ ತುಂಬ ಗಂಟುಗಟ್ಟಿದ ಜಡೆ. ಡಿಯೆಂಗ್ ಸೀಮೆಯ ಕೆಲವು ಮಕ್ಕಳಿಗೆ ಜ್ವರ ಬಂದು ಬಿಟ್ಟ ಮೇಲೆ ಕೂದಲು ತಾನಾಗಿ ಜಡೆಗಟ್ಟುತ್ತದೆಂದು ಜನ ಹೇಳುತ್ತಾರೆ, ಇದನ್ನು ಈ ಸೀಮೆಯ ಮೂಲಪುರುಷನೆಂದು ನಂಬಲಾದ ಕ್ಯಾಯಿ ಕೊಲೊದೆತೆಯ ಗುರುತು ಎನ್ನುತ್ತಾರೆ. ಅದನ್ನು ಕತ್ತರಿಸಬೇಕಾದರೆ ಮಗುವೇ ತನಗಿಂಥದ್ದು ಬೇಕೆಂದು ಬಾಯಿಬಿಟ್ಟು ಕೇಳಬೇಕು, ಕೇಳಿದ್ದನ್ನು ಮನೆಯವರು ಕೊಡಲೇಬೇಕು. ಬಳಿಕ ಶಾಸ್ತ್ರೋಕ್ತವಾಗಿ ಕತ್ತರಿಸಿ ಕೂದಲನ್ನು ನೀರಿನಲ್ಲಿ ಬಿಡುತ್ತಾರೆ. ಈ ಹುಡುಗಿ ಎರಡು ಮೇಕೆಮರಿ ಕೇಳಿದ್ದಳಂತೆ, ಅಪ್ಪ ಹಣ ಹೊಂದಿಸುತ್ತಿದ್ದನಂತೆ. ಜಡೆ ಬಂತೆಂಬ ಒಂದೇ ಕಾರಣಕ್ಕೆ ಎಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡ ನಮ್ಮ ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ನೆನಪಾಗಿ, ಜಡೆ ಮಗುವಿನ ಆಸೆಗೆ ಕಾಯುವ ಈ ಪದ್ಧತಿಯನ್ನು ಕೇಳಿ ನನ್ನ ಮನಸ್ಸು ತುಂಬಿ ಬಂತು.

ಮತ್ತೆ ನಸುಕಿಗೆ ಬರುತ್ತೇನೆ. ಯಜಮಾನರ ಬೈಕಿನ ಹಿಂದೆ, ಪೈಪಿನ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಮೇಲೆ ಏರಿದಷ್ಟೂ ಚಳಿ ಹೆಚ್ಚು ಎಂಬ ನನ್ನ ತಿಳಿವಳಿಕೆ ಆ ಇಳಿಜಾರಿನಲ್ಲಿ ತಲೆಕೆಳಗಾಯಿತು. ನಾವು ಕೆಳಗಿಳಿದಷ್ಟೂ ಚಳಿ ಏರುತ್ತಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಒಣ ತಿಂಗಳುಗಳಲ್ಲಿ, ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ನೆಲದ ಶಾಖವೆಲ್ಲ ಆಕಾಶಕ್ಕೆ ಹಾರಿ, ತಣಿದು ಭಾರವಾದ ಗಾಳಿ ಗುಡ್ಡಗಳ ಮೈಯಿಂದ ನೀರಿನಂತೆ ಜಾರಿ ಬಟ್ಟಲಿನಂಥ ಈ ಬಯಲಿನಲ್ಲಿ ತುಂಬಿಕೊಳ್ಳುತ್ತದೆ. ಇಳಿಜಾರಿನ ಸೆಂಬುಂಗಾನ್ ಹೊಲಗಳು ಎಷ್ಟೋ ಸಲ ಬದುಕಿಕೊಂಡರೂ ಕೆಳಗಿನ ಹೊಲಗಳು ಸುಡುವುದು ಇದರಿಂದ.

ಹೊಲ ತಲುಪಿದಾಗ ಪೂರ್ವ ದಿಕ್ಕು ಇನ್ನೂ ಬೂದಿಬಣ್ಣದಲ್ಲಿತ್ತು. ಟಾರ್ಚಿನ ಬೆಳಕು ಬಿದ್ದಲ್ಲೆಲ್ಲ ನೆಲ ಉಪ್ಪು ಚೆಲ್ಲಿದಂತೆ ಮಿನುಗುತ್ತಿತ್ತು. ಬಾಗಿ ಒಂದು ಎಲೆಯನ್ನು ಮುಟ್ಟಿದೆ. ಅಂಚಿನುದ್ದಕ್ಕೂ ಸೂಜಿಮೊನೆಯಂಥ ಹರಳುಗಳು ನಿಂತಿದ್ದವು. ಎಲೆ ಬೆರಳಿನಲ್ಲಿ ಬಾಗದೆ ಗಾಜಿನ ತೆಳು ಚೂರಿನಂತೆ ಲಟಕ್ಕನೆ ಮುರಿಯಿತು. ಯಜಮಾನರು ಏನೂ ಮಾತಾಡದೆ ಕಾಲುವೆಯ ಬಳಿಯ ಪಂಪಿಗೆ ಪೈಪು ಜೋಡಿಸಿದರು. ಸೂರ್ಯನ ಕಿರಣ ತಾಗುವ ಮೊದಲೇ ಎಲೆಯ ಮೇಲಿನ ಹಿಮವನ್ನು ನೀರು ಹಾಯಿಸಿ ತೊಳೆಯಬೇಕು, ಬಿಸಿಲು ನೇರವಾಗಿ ಬಿದ್ದರೆ ಎಲೆ ಬೆಂದಂತಾಗಿ ಕಪ್ಪಾಗುತ್ತದೆ. ಸುತ್ತಲ ಹೊಲಗಳಲ್ಲೂ ಟಾರ್ಚುಗಳು ಓಡಾಡುತ್ತಿದ್ದವು, ಪಂಪುಗಳು ಒಂದಾದ ಮೇಲೊಂದು ಗುಡುಗತೊಡಗಿದವು. ನಾನು ಸಾಲಿನ ಕೊನೆಯಲ್ಲಿ ಪೈಪು ಸಿಕ್ಕಿಕೊಳ್ಳದಂತೆ ಎತ್ತಿ ಹಿಡಿಯುವ ಕೆಲಸ ಮಾಡಿದೆ. ಹತ್ತು ನಿಮಿಷದಲ್ಲಿ ಕೈಬೆರಳುಗಳ ಅರಿವೇ ಹೋಯಿತು. ಅವರು ಬರಿಗೈಯಲ್ಲಿ ಒಂದೂವರೆ ಗಂಟೆ ನೀರು ಹಾಯಿಸಿದರು. ಮುಕ್ಕಾಲು ಹೊಲ ಮುಗಿಯುವ ಹೊತ್ತಿಗೆ ಬೆಟ್ಟದ ಸಂದಿಯಿಂದ ಬಿಸಿಲು ಬಿತ್ತು.

ಬೆಳಕು ಹರಿದ ಮೇಲಷ್ಟೇ ನನಗೆ ಗೊತ್ತಾದದ್ದು, ನಾವು ನಿಂತಿದ್ದು ಅರ್ಜುನನ ದೇಗುಲಗಳ ಎದುರಿನಲ್ಲಿ ಎಂದು. ಬಿಳಿಯ ಹುಲ್ಲುಗಾವಲಿನ ನಡುವೆ ಕರಿಗಲ್ಲಿನ ಸಣ್ಣ ಸಣ್ಣ ಗುಡಿಗಳು ಸಾಲಾಗಿದ್ದವು: ಅರ್ಜುನ, ಸೆಮಾರ್, ಶ್ರೀಕಂಡಿ, ಪುಂತದೇವ, ಸೆಂಬದ್ರ. ಸ್ವಲ್ಪ ದೂರದಲ್ಲಿ ಘಟೋತ್ಕಚ ಮತ್ತು ಭೀಮರ ಗುಡಿಗಳಿವೆ. ಡಿಯೆಂಗ್ ಎಂಬ ಹೆಸರೇ 'ದಿ ಹ್ಯಾಂಗ್', ಅಂದರೆ ದೇವತೆಗಳ ನೆಲೆ ಎಂಬುದರಿಂದ ಬಂದದ್ದೆನ್ನುತ್ತಾರೆ. ಏಳೆಂಟನೆಯ ಶತಮಾನದ ಸುಮಾರಿಗೆ ಕಟ್ಟಿದ ಈ ಶಿವಾಲಯಗಳು ಜಾವಾದಲ್ಲಿ ಉಳಿದಿರುವ ಅತಿ ಹಳೆಯ ಕಲ್ಲಿನ ಗುಡಿಗಳ ಪೈಕಿ ಸೇರುತ್ತವೆ. ಪಾಂಡವರ ಹೆಸರುಗಳನ್ನು ಎಷ್ಟೋ ಕಾಲದ ನಂತರ ಜನರು ಇಟ್ಟದ್ದು. ಪುಂತದೇವನೆಂದರೆ ನಮ್ಮ ಧರ್ಮರಾಯ, ಸೆಂಬದ್ರಳೆಂದರೆ ಸುಭದ್ರೆ, ಶ್ರೀಕಂಡಿಯೆಂದರೆ ಶಿಖಂಡಿ. ನಮ್ಮಲ್ಲಿ ಬೈಗುಳವಾಗಿಬಿಟ್ಟ ಆ ಹೆಸರು ಜಾವಾದಲ್ಲಿ ಬಿಲ್ಲು ಹಿಡಿದ ವೀರ ಹೆಣ್ಣಿನದು, ಅರ್ಜುನನ ಮಡದಿಯದು. 1814ರಲ್ಲಿ ಇಲ್ಲಿಗೆ ಬಂದ ಬ್ರಿಟಿಷ್ ಸೈನಿಕನೊಬ್ಬ ಈ ಗುಡಿಗಳನ್ನು ಕಂಡದ್ದು ಕೆರೆಯ ನೀರಿನ ನಡುವೆ. ನೀರನ್ನು ಬಸಿದು ಹೊರಹರಿಸಿದ್ದು ಆ ಶತಮಾನದ ನಡುವಿನಲ್ಲಿ, ಡಚ್ಚರ ಕಾಲದಲ್ಲಿ. ಹಿಂದೆ ನೀರು ನಿಲ್ಲುತ್ತಿದ್ದ ತಗ್ಗಿನಲ್ಲಿ ಈಗ ರಾತ್ರಿಯ ಚಳಿ ನಿಲ್ಲುತ್ತದೆ.

ಪ್ರಸ್ಥಭೂಮಿಯ ಹಿರಿಯರಿಗೆ ತಗ್ಗಿನ ಭಯ ಇನ್ನೊಂದು ಕಾರಣಕ್ಕೂ ಇದೆ. 1979ರ ಫೆಬ್ರವರಿ 20ರ ನಸುಕಿನಲ್ಲಿ ಡಿಯೆಂಗ್‌ನ ಪಶ್ಚಿಮ ಭಾಗದ ಸಿನಿಲಾ ಕುಳಿ ಸ್ಫೋಟಿಸಿದಾಗ ಜನ ಮನೆ ಬಿಟ್ಟು ಓಡಿದರು. ಓಡಿದ ದಾರಿಯ ತಗ್ಗಿನಲ್ಲಿ ನೆಲದ ಬಿರುಕುಗಳಿಂದ ಹೊಮ್ಮಿದ ಇಂಗಾಲದ ಡೈಆಕ್ಸೈಡ್ ಕಣ್ಣಿಗೆ ಕಾಣದಂತೆ ತುಂಬಿಕೊಂಡಿತ್ತು. ಗಾಳಿಗಿಂತ ಭಾರವಾದ ಆ ಅನಿಲದೊಳಗೆ ನಡೆದುಹೋದ ಸುಮಾರು 150 ಜನ ಅಲ್ಲಿಯೇ ಪ್ರಾಣ ಬಿಟ್ಟರು. ಯಜಮಾನರು ಆಗ ಕೈಗೂಸಂತೆ. ಗೆಡ್ಡೆಹೊಲದ ಬದುವಿನಲ್ಲಿ ಕುಳಿತು ಅವರು ಇದನ್ನು ಹೇಳುವಾಗ ಅಂಗೈಯನ್ನು ನೆಲದಿಂದ ಮೊಣಕಾಲೆತ್ತರಕ್ಕೆ ಹಿಡಿದು, ಗಾಳಿಯ ಮೇಲೆ ನಿಧಾನವಾಗಿ ಸವರಿದರು. ಆ ಕೈಯ ಚಲನೆ ನನ್ನ ಕಣ್ಣಿಂದ ಹೋಗಿಲ್ಲ.

ಒಂಬತ್ತು ಗಂಟೆಗೆ ಮೇಲೆ ಹತ್ತಿ ಬಂದಾಗ, ಹಗಲು ಬೆಳಕಿನಲ್ಲಿ ಸೆಂಬುಂಗಾನ್‌ನ ಸುತ್ತಲ ಗುಡ್ಡಗಳನ್ನು ಮೊದಲ ಸಲ ಸರಿಯಾಗಿ ನೋಡಿದೆ. ಒಂದು ಕಾಲಕ್ಕೆ ಹೊಗೆಸೊಪ್ಪು ಬೆಳೆಯುತ್ತಿದ್ದ ಈ ಸೀಮೆಗೆ 1980ರ ದಶಕದಿಂದ ಆಲೂಗೆಡ್ಡೆ ಅಲೆಯಂತೆ ಬಂತು. ಅದರ ಹಣದಿಂದ ಸಿಮೆಂಟಿನ ಮನೆಗಳು, ಮಕ್ಕಳ ಓದು, ಹಜ್ ಯಾತ್ರೆ ಎಲ್ಲ ಆಯಿತು. ಅದರ ಜೊತೆಗೇ ಕಾಡು ಗುಡ್ಡದ ಬುಡದಿಂದ ನೆತ್ತಿಗೆ ಸರಿದು ಕೊನೆಗೆ ನೆತ್ತಿಯಿಂದಲೂ ಇಳಿದುಹೋಯಿತು. ಅಲ್ಲಿನ ಏರುಗಳು ಗುಡ್ಡಕ್ಕೆ ಅಡ್ಡವಾಗಿರದೆ ಮೇಲಿಂದ ಕೆಳಕ್ಕೆ ನೇರವಾಗಿ ಇಳಿಯುತ್ತವೆ. ಅಡ್ಡ ಹಾಕಿದರೆ ಮಳೆನೀರು ಸಾಲಿನಲ್ಲಿ ನಿಂತು ಗೆಡ್ಡೆ ಕೊಳೆಯುತ್ತದೆ, ನೇರ ಹಾಕಿದರೆ ನೀರಿನ ಜೊತೆ ಮೇಲ್ಮಣ್ಣೂ ಹೋಗುತ್ತದೆ. ಆ ಮಣ್ಣು ಸೇರುವುದು ಸೆರಾಯು ನದಿಗೆ. ನದಿಯ ಮೂಲವಾದ ಭೀಮ ಲುಕಾರ್ ಎಂಬ ಒರತೆ ಡಿಯೆಂಗ್‌ನಲ್ಲಿಯೇ ಇದೆ, ಕಲ್ಲಿನ ದೋಣಿಯಿಂದ ಇಂದಿಗೂ ತಿಳಿನೀರು ಬೀಳುತ್ತದೆ. ಅದೇ ನೀರು ಬೆಟ್ಟ ಇಳಿಯುವಷ್ಟರಲ್ಲಿ ಕೆಂಪಾಗಿ, ಕೆಳಗಿನ ಮ್ರಿಚಾ ಜಲಾಶಯವನ್ನು ಹೂಳಿನಿಂದ ತುಂಬಿಸುತ್ತಿದೆ. ಹೊರಗಿನಿಂದ ಬಂದವರಿಗೆ ಇದನ್ನು ತಪ್ಪೆಂದು ಹೇಳುವುದು ಸುಲಭ. ಗೆಡ್ಡೆಯ ಹಣದಲ್ಲಿ ಓದಿದ ನನ್ನ ಬಾಯಲ್ಲಿ ಆ ಮಾತು ಬರಲಿಲ್ಲ, ಹಾಗೆಂದು ಆ ಬೋಳು ಗುಡ್ಡಗಳನ್ನು ನೋಡಿ ಸಮಾಧಾನದಿಂದಿರಲೂ ಆಗಲಿಲ್ಲ. ಹೊಲದ ಅಂಚಿನಲ್ಲಿ ಅಲ್ಲಲ್ಲಿ ಕಾರಿಕಾ ಗಿಡಗಳನ್ನು ನೆಟ್ಟಿದ್ದಾರೆ. ಅದು ಬೆಟ್ಟದ ಪಪ್ಪಾಯಿ, ಅಂಗೈಯಲ್ಲಿ ಹಿಡಿಯುವಷ್ಟು ಹಣ್ಣು. ಸಕ್ಕರೆ ಪಾಕದಲ್ಲಿ ಹಾಕಿ ಬಾಟಲಿ ತುಂಬಿ ಮಾರುತ್ತಾರೆ. ಬೇರು ಬಿಟ್ಟು ಮಣ್ಣು ಹಿಡಿಯುವ ಬೆಳೆ ಹೆಚ್ಚಲಿ ಎಂಬ ಆಸೆ ಯಜಮಾನರ ಮಗನಿಗಿದೆ. ಅವರಪ್ಪನಿಗೆ ಮೂರು ತಿಂಗಳಲ್ಲಿ ಕೈಗೆ ದುಡ್ಡು ಕೊಡುವ ಬೆಳೆ ಬೇಕು.

ಮಧ್ಯಾಹ್ನ ಊರು ಬಿಡುವ ಮುನ್ನ ಕೆಳಗಿನ ಹೊಲಕ್ಕೆ ಮತ್ತೊಮ್ಮೆ ಹೋದೆವು. ನೀರು ತಲುಪದ ಕಾಲುಭಾಗ ಅಷ್ಟರಲ್ಲೇ ಕರ್ರಗಾಗಿ, ಬೇಯಿಸಿದ ಸೊಪ್ಪಿನಂತೆ ಸಾಲಿನ ಮೇಲೆ ಮಲಗಿತ್ತು. ಯಜಮಾನರು ಮೊಣಕಾಲೂರಿ ಒಂದು ಗಿಡದ ಬುಡದ ಮಣ್ಣನ್ನು ಬೆರಳಿನಿಂದ ಸರಿಸಿದರು. ಮಣ್ಣಿನೊಳಗಿದ್ದ ಎರಡಂಗುಲ ಕಾಂಡ ಇನ್ನೂ ಹಸಿರಾಗಿತ್ತು, ಅದರ ಗಿಣ್ಣಿನಲ್ಲಿ ಅಕ್ಕಿಕಾಳಿನಷ್ಟು ಚಿಗುರು. "ಎರಡು ವಾರ" ಎಂದು ಬೆರಳೆತ್ತಿ ತೋರಿಸಿ, ಸರಿಸಿದ ಮಣ್ಣನ್ನು ಮತ್ತೆ ಮುಚ್ಚಿ ಅಂಗೈಯಿಂದ ಒತ್ತಿದರು.

ಅಲ್ಲಿಂದಲೇ ಊರಿಗೆ ಫೋನು ಮಾಡಿದೆ. ದೇಗುಲ, ಜ್ವಾಲಾಮುಖಿ, ಕೆರೆ ಎಲ್ಲವನ್ನೂ ಹೇಳಿದೆ, ಅಪ್ಪ ಹ್ಞೂಂಗುಟ್ಟುತ್ತಿದ್ದರು. ಹಿಮಕ್ಕೆ ಸುಟ್ಟ ಗಿಡದ ಮಾತು ಬಂದಾಗ ಮಾತ್ರ ನಡುವೆ ತಡೆದು ಕೇಳಿದರು:

"ಬುಡಕ್ಕೆ ಮಣ್ಣು ಏರಿಸಿದ್ರಾ ಅವರು?"

"ಏರಿಸಿದ್ದಾರಪ್ಪ, ಒಂದು ಗೇಣು."

"ಹಂಗಾದ್ರೆ ಬರ್ತದೆ ಬಿಡು" ಎಂದರು.