ರಂಪಣಿಯ ಪಾಲು: ಒಂದು ಹಸ್ತಪ್ರತಿ ಕಳಿಸಿದ ದಾಖಲೆ

ಮೇ 18, 2025

ಪ್ರೌಢಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ ಹಿಡಿದ ಹವ್ಯಾಸವೊಂದು ಆರು ವರ್ಷಗಳಲ್ಲಿ ಮೂರು ನೋಟುಬುಕ್ಕುಗಳಾಗಿ, ಆಮೇಲೆ ಇಂಗ್ಲಿಷಿನಲ್ಲಿ ಹನ್ನೊಂದು ಸಾವಿರ ಪದಗಳ ಕರಡಾಗಿ ಬೆಳೆದಿದೆ. ಅದನ್ನು ಸಮಾಜಶಾಸ್ತ್ರದ ಒಂದು ವಿದ್ವತ್ ಪತ್ರಿಕೆಗೆ ಈ ಮಳೆಗಾಲ ಮುಗಿಯುವುದರೊಳಗೆ ಕಳಿಸಬೇಕೆಂದು ನಿಶ್ಚಯಿಸಿ ಇವತ್ತಿನಿಂದ ಈ ದಾಖಲೆ ಇಡುತ್ತಿದ್ದೇನೆ.

ವಿಷಯ ರಂಪಣಿ. ದೋಣಿಯಲ್ಲಿ ಹೋಗಿ ಕಡಲಿನಲ್ಲಿ ಬಲೆಯನ್ನು ಅರ್ಧಚಂದ್ರದಂತೆ ಬಿಟ್ಟು, ಅದರ ಎರಡೂ ತುದಿಯ ಹಗ್ಗಗಳನ್ನು ಹತ್ತಾರು ಜನ ದಡದಲ್ಲಿ ನಿಂತು ಎಳೆಯುವ ಈ ಪದ್ಧತಿಯನ್ನು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. 1970ರ ದಶಕದ ದ್ವಿತೀಯಾರ್ಧದಲ್ಲಿ ದೊಡ್ಡ ಸುತ್ತುಬಲೆಯ ಪರ್ಸೀನ್ ಬೋಟುಗಳು ಬಂದು, ದಡಕ್ಕೆ ಬರಬೇಕಾದ ಬಂಗಡೆ ಮತ್ತು ತಾರ್ಲೆ ಮೀನಿನ ಹಿಂಡುಗಳನ್ನು ಹೊರಗಡಲಿನಲ್ಲೇ ಸುತ್ತುಗಟ್ಟತೊಡಗಿದ ಮೇಲೆ ಒಂದೊಂದೇ ಊರಿನ ರಂಪಣಿ ನಿಂತುಹೋಯಿತು. ನನ್ನ ಪ್ರಶ್ನೆ ಬಲೆ ಹೇಗೆ ಹೋಯಿತೆಂಬುದಲ್ಲ. ಬಲೆಯೊಂದಿಗೆ ಇದ್ದ ಪಾಲಿನ ಲೆಕ್ಕ, ಅಂದರೆ ಬಲೆಗೆ ಇಷ್ಟು, ದೋಣಿಗೆ ಇಷ್ಟು, ಹಗ್ಗ ಹಿಡಿದವನಿಗೆ ಇಷ್ಟು, ಹಗ್ಗ ಹಿಡಿಯಲಾರದವನ ಮನೆಗೆ ಇಷ್ಟು ಎಂಬ ಏರ್ಪಾಡು, ಇನ್ನೂ ಎಳೆಯುತ್ತಿರುವ ಒಂದು ಊರಿನಲ್ಲಿ ಈಗ ಯಾವ ರೂಪದಲ್ಲಿದೆ ಎಂಬುದು. ಊರು ಕಾರವಾರ ತಾಲ್ಲೂಕಿನದು. ಹೆಸರನ್ನು ಇಲ್ಲಿಯೂ ಬರೆಯುತ್ತಿಲ್ಲ. ಅದರ ಕಾರಣ ಮುಂದೆ ಬರುತ್ತದೆ.

ಜೂನ್ 4

ಎಲ್ಲಿಗೆ ಕಳಿಸುವುದು ಎಂಬುದಕ್ಕೇ ಎರಡು ವಾರ ಹೋಯಿತು. ಭಾರತೀಯ ಸಮಾಜಶಾಸ್ತ್ರ ಸಂಘದ ಸೋಷಿಯಾಲಾಜಿಕಲ್ ಬುಲೆಟಿನ್ 1952ರಿಂದ ಬರುತ್ತಿದೆ. ಲೂಯಿ ದ್ಯೂಮೊ ಮತ್ತು ಡೇವಿಡ್ ಪೋಕಾಕ್ 1957ರಲ್ಲಿ ಆರಂಭಿಸಿದ ಕಾಂಟ್ರಿಬ್ಯೂಷನ್ಸ್ ಟು ಇಂಡಿಯನ್ ಸೋಷಿಯಾಲಜಿ ಇದೆ. ನಮ್ಮ ಕಾಲದಲ್ಲಿ ಧಾರವಾಡದ ಗ್ರಂಥಾಲಯದಲ್ಲಿ ಸರದಿ ಕಾದು ಓದುತ್ತಿದ್ದ ಎಕನಾಮಿಕ್ ಆಂಡ್ ಪೊಲಿಟಿಕಲ್ ವೀಕ್ಲಿ ಇದೆ. ಇವುಗಳಲ್ಲದೆ ಮೀನುಗಾರಿಕೆ, ಕರಾವಳಿ, ಶ್ರಮ ಇತ್ಯಾದಿಗಳಿಗೇ ಮೀಸಲಾದ ಪತ್ರಿಕೆಗಳೂ ಇವೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಪದವಿ ಕಾಲೇಜಿನಲ್ಲಿ ಉಪನ್ಯಾಸಕಿ. ಅವಳು ಹೇಳಿದ ಉಪಾಯ ಸರಳವಾಗಿತ್ತು: "ಸರ್, ನಿಮ್ಮ ಆಧಾರಗ್ರಂಥಗಳ ಪಟ್ಟಿಯಲ್ಲಿ ಯಾವ ಪತ್ರಿಕೆ ಹೆಚ್ಚು ಸಲ ಬಂದಿದೆ ನೋಡಿ. ಅಲ್ಲಿಯ ಓದುಗರೇ ನಿಮ್ಮ ಓದುಗರು." ಎಣಿಸಿ ನೋಡಿದೆ. ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದ ಪತ್ರಿಕೆ ಒಂದೇ ಸಲ ಬಂದಿತ್ತು.

ಅವಳ ಪೀಳಿಗೆಯವರಿಗೆ ಬೇರೊಂದು ತಲೆಬಿಸಿ ಇದೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2019ರಲ್ಲಿ ತಂದಿದ್ದ, ಮಾನ್ಯ ಪತ್ರಿಕೆಗಳ ಕೇರ್ ಪಟ್ಟಿಯನ್ನು ಈ ಫೆಬ್ರವರಿಯಲ್ಲಿ ಕೈಬಿಟ್ಟಿರುವುದರಿಂದ, ಬಡ್ತಿಗೆ ಯಾವ ಪತ್ರಿಕೆ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬುದನ್ನು ಇನ್ನು ಮೇಲೆ ಸಂಸ್ಥೆಗಳೇ ತೀರ್ಮಾನಿಸಬೇಕು. ನನಗೆ ಬಡ್ತಿಯ ಹಂಗಿಲ್ಲ. ಆದರೂ "ಮೂರು ದಿನಗಳಲ್ಲಿ ಪ್ರಕಟಣೆ, ಪ್ರಮಾಣಪತ್ರ ಸಹಿತ" ಎಂಬ ವಾಟ್ಸ್ಆ್ಯಪ್ ಸಂದೇಶ ನನಗೂ ಬಂತು. ಮೂರು ದಿನಗಳಲ್ಲಿ ಬಂಗಡೆಯೂ ಸರಿಯಾಗಿ ಒಣಗುವುದಿಲ್ಲ.

ಜೂನ್ 15

ಹನ್ನೊಂದು ಸಾವಿರ ಪದಗಳನ್ನು, ಆಧಾರಗ್ರಂಥಗಳೂ ಸೇರಿ, ಎಂಟು ಸಾವಿರಕ್ಕೆ ಇಳಿಸಬೇಕು. ಬಲೆ ಹೆಣೆಯುವ ವಿವರ ಹೋಯಿತು, ಮೀನಿನ ಹೆಸರುಗಳ ಪಟ್ಟಿ ಹೋಯಿತು, ಟಾಗೋರರು 1883ರಲ್ಲಿ ಕಾರವಾರಕ್ಕೆ ಬಂದಿದ್ದರೆಂಬ, ನನಗೆ ಮಾತ್ರ ಬೇಕಾಗಿದ್ದ ಟಿಪ್ಪಣಿಯೂ ಹೋಯಿತು.

ಇನ್ನೊಂದು ಕಿರಿಕಿರಿ ನುಡಿ ತಂತ್ರಾಂಶದ ಹಳೆಯ ಕಡತಗಳದ್ದು. ಮೊದಲ ಎರಡು ವರ್ಷದ ಸಂದರ್ಶನಗಳನ್ನು ಯೂನಿಕೋಡ್ ಅಲ್ಲದ ಅಕ್ಷರವಿನ್ಯಾಸದಲ್ಲಿ ಟೈಪು ಮಾಡಿದ್ದೆ. ಪರಿವರ್ತಕದಲ್ಲಿ ಹಾಕಿದರೆ ಒತ್ತಕ್ಷರಗಳು ಕಳಚಿ ಬಿದ್ದವು, ಅರ್ಕಾವೊತ್ತು ಇದ್ದ ಕಡೆಯಲ್ಲೆಲ್ಲ ಪದ ಒಡೆಯಿತು. ಎಂಬತ್ತು ಪುಟಗಳನ್ನು ನೋಟುಬುಕ್ಕಿನೊಂದಿಗೆ ಸಾಲುಸಾಲಾಗಿ ತಾಳೆ ನೋಡಿದೆ. ದಂಡವೆಂದೇ ಎಣಿಸಿದ್ದ ಈ ಕೆಲಸದಿಂದ ಒಂದು ಲಾಭವಾಯಿತು. ನಾನು ಇಂಗ್ಲಿಷಿನಲ್ಲಿ ಉದ್ದಕ್ಕೂ 'ಕೂಲಿ' ಎಂಬ ಅರ್ಥ ಬರುವ ಪದ ಬಳಸಿದ್ದ ಕಡೆಯಲ್ಲೆಲ್ಲ, ಮೂಲದಲ್ಲಿ ಜನ ಹೇಳಿದ್ದು ಕನ್ನಡದಲ್ಲಾದರೆ 'ಪಾಲು', ಕೊಂಕಣಿಯಲ್ಲಾದರೆ 'ವಾಂಟೊ'. ಒಬ್ಬ ಮುದುಕರಂತೂ ನನ್ನನ್ನು ತಿದ್ದಿಯೇ ಇದ್ದರು: "ಕೂಲಿ ಅನ್ನಬೇಡಿ ಮಾಸ್ತರೇ. ಬಲೆ ಖಾಲಿ ಬಂದ ದಿನ ಕೂಲಿಯವ ದುಡ್ಡು ಕೇಳ್ತಾನೆ, ಪಾಲಿನವ ಕೇಳೂದಿಲ್ಲ." ಆರು ವರ್ಷದ ಹಿಂದೆ ಬರೆದುಕೊಂಡು ಮರೆತ ಈ ಮಾತು ಈಗ ಎರಡನೆಯ ಅಧ್ಯಾಯದ ಆರಂಭಕ್ಕೆ ಬಂದಿದೆ. 'ಪಾಲು' ಪದವನ್ನು ರೋಮನ್ ಲಿಪಿಯಲ್ಲಿ ಹಾಗೆಯೇ ಉಳಿಸಿ, ಒಂದು ಸಲ ಮಾತ್ರ ಅರ್ಥ ಹೇಳಿದ್ದೇನೆ.

ಜೂನ್ 26

ಈ ವಾರ ಒಂದು ಸಾಲೂ ಮುಂದೆ ಹೋಗಲಿಲ್ಲ.

ಪತ್ರಿಕೆಗಳು ಇಬ್ಬದಿಯ ಅನಾಮಿಕ ಪರಿಶೀಲನೆ ನಡೆಸುತ್ತವೆ: ಬರೆದವರು ಯಾರೆಂದು ಓದುವವರಿಗೆ ತಿಳಿಯಬಾರದು, ಓದಿದವರು ಯಾರೆಂದು ಬರೆದವರಿಗೆ ತಿಳಿಯಬಾರದು. ಹೆಸರು, ವಿಳಾಸ, ಕೃತಜ್ಞತೆಗಳು ಪ್ರತ್ಯೇಕ ಶೀರ್ಷಿಕೆ ಪುಟಕ್ಕೆ ಹೋಗಬೇಕು. ಮುಖ್ಯ ಕಡತದಲ್ಲಿ ಲೇಖಕನ ಗುರುತು ಎಲ್ಲಿಯೂ ಇರಬಾರದು. ವರ್ಡ್ ಕಡತದ ಒಳಮಾಹಿತಿಯಲ್ಲಿ ನನ್ನ ಹೆಸರಲ್ಲದೆ, ಕಂಪ್ಯೂಟರ್ ಕೊಡಿಸಿದ ಅಳಿಯನ ಹೆಸರೂ ಅಡಗಿತ್ತು. ಅದನ್ನು ತೆಗೆಯುವುದು ಒಂದು ನಿಮಿಷದ ಕೆಲಸ.

ಕಷ್ಟವಾದದ್ದು ಪ್ರಬಂಧದ ಒಳಗಿರುವ ನನ್ನನ್ನು ತೆಗೆಯುವುದು. ಹಗ್ಗ ಹಿಡಿಯಲಾರದವನ ಮನೆಗೂ ಪಾಲು ಹೋಗುತ್ತಿತ್ತು ಎಂಬುದಕ್ಕೆ ನನ್ನಲ್ಲಿರುವ ಗಟ್ಟಿ ಪುರಾವೆ ನನ್ನ ಮನೆಯೇ. ನನ್ನ ತಂದೆ ದೀಪಾವಳಿಯ ಹೊತ್ತಿಗೆ ತೀರಿಕೊಂಡರು. ಆ ಹಂಗಾಮು ಮುಗಿಯುವವರೆಗೆ ಬಲೆ ಎಳೆದ ದಿನಗಳಲ್ಲೆಲ್ಲ ಅವರ ಪಾಲನ್ನು ಯಾರೋ ಒಬ್ಬರು ಬುಟ್ಟಿಯಲ್ಲಿ ತಂದು ನಮ್ಮ ಹಿತ್ತಲಿನ ಬಾಗಿಲಲ್ಲಿಟ್ಟು, ಅವ್ವನನ್ನು ಕರೆಯದೆ ಹೋಗುತ್ತಿದ್ದರು. ಕರೆದು ಕೊಟ್ಟರೆ ಅದು ದಾನವಾಗುತ್ತಿತ್ತು. ಕರಡಿನಲ್ಲಿ ಇದನ್ನು ಮೊದಲು 'ಲೇಖಕನ ತಾಯಿ' ಎಂದು ಬರೆದಿದ್ದೆ, ಅನಾಮಿಕತೆಗಾಗಿ 'ಒಬ್ಬ ವಿಧವೆ, ಸಂದರ್ಶನ 14' ಎಂದು ಬದಲಿಸಿದೆ. ರಾತ್ರಿ ನಿದ್ದೆ ಬರಲಿಲ್ಲ. ನಾನು ಅವ್ವನನ್ನು ಎಂದೂ ಸಂದರ್ಶನ ಮಾಡಿರಲಿಲ್ಲ. ಗುರುತು ಮುಚ್ಚಲು ಹೋಗಿ ಇಲ್ಲದ ದತ್ತಾಂಶವನ್ನು ಸೃಷ್ಟಿಸಿದಂತಾಗಿತ್ತು.

ಉಪನ್ಯಾಸಕಿಗೆ ಫೋನು ಮಾಡಿದೆ. ಪರಿಶೀಲನೆಯ ಹಂತದಲ್ಲಿ ಮುಚ್ಚಬೇಕಾದದ್ದು ಹೆಸರು ಮತ್ತು ಸಂಸ್ಥೆಯೇ ಹೊರತು ಲೇಖಕ ನಿಂತ ಜಾಗವಲ್ಲ. 'ಲೇಖಕನು ಈ ಊರಿನ ರಂಪಣಿ ಮನೆಯೊಂದರಲ್ಲಿ ಹುಟ್ಟಿದವನು' ಎಂದು ಧಾರಾಳವಾಗಿ ಬರೆಯಬಹುದು ಎಂದಳು. ಸರಿಯೇ. ಆದರೆ ಅಚ್ಚಾದ ದಿನ ಅದೇ ವಾಕ್ಯದ ಮೇಲೆ ನನ್ನ ಹೆಸರು, ಅಡ್ಡಹೆಸರು ಸಹಿತ, ಇರುತ್ತದೆ. ಆಗ ಊರಿಗೆ ನಾನು ಕೊಟ್ಟ ಸುಳ್ಳು ಹೆಸರು ಕಾರವಾರದ ಬಸ್ ನಿಲ್ದಾಣದವರೆಗೂ ಬಾಳುವುದಿಲ್ಲ.

ಜುಲೈ 3

ಊರನ್ನು ಮಸುಕು ಮಾಡಲು ಪ್ರಯತ್ನಿಸಿದೆ. 'ಉತ್ತರ ಕನ್ನಡದ ಕರಾವಳಿ' ಎಂದಷ್ಟೇ ಬರೆದು, ಸೀಬರ್ಡ್ ನೌಕಾನೆಲೆಯ ಪ್ರಸ್ತಾಪ ತೆಗೆದೆ. ಓದಿ ನೋಡಿದರೆ ವಾದದ ಬೆನ್ನೆಲುಬೇ ಇಲ್ಲ. 1986ರಲ್ಲಿ ಶಂಕುಸ್ಥಾಪನೆಯಾದ ಆ ಯೋಜನೆಗಾಗಿ ಕಾರವಾರ ಮತ್ತು ಅಂಕೋಲೆಯ ನಡುವಿನ ಊರುಗಳು ಎದ್ದುಹೋದವು; ಅಲ್ಲಿಯ ನೌಕಾನೆಲೆ ಐಎನ್‌ಎಸ್ ಕದಂಬ 2005ರಲ್ಲಿ ಕಾರ್ಯಾರಂಭ ಮಾಡಿತು. ಹಾಗೆ ಎದ್ದು ಬಂದ ಮನೆಗಳಲ್ಲಿ ಕೆಲವು ನಾನು ಬರೆಯುತ್ತಿರುವ ಬಲೆಯ ಗುಂಪಿಗೆ ಸೇರಿದವು. ಅವರಿಗೆ ಪಾಲು ಎಷ್ಟು, ಹಳಬರ ಸಮ ಎಷ್ಟು ವರ್ಷಕ್ಕೆ ಎಂಬ ಚೌಕಾಸಿಯೇ ನನ್ನ ಮೂರನೆಯ ಅಧ್ಯಾಯ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1948ರಲ್ಲಿ ಕ್ಷೇತ್ರಕಾರ್ಯ ಮಾಡಿದ ಮೈಸೂರು ಸೀಮೆಯ ಕೊಡಗಹಳ್ಳಿಯನ್ನು 'ರಾಂಪುರ' ಎಂದು ಕರೆದರು, ಮತ್ತು ಅದು ಯಾವ ಊರೆಂದು ಇವತ್ತು ಸಮಾಜಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಅವರಿಗೆ ಆ ಮುಸುಕು ಸಾಕಾಗಿತ್ತು. ಮೊಬೈಲಿನಲ್ಲಿ ಮೊಮ್ಮಗ ಪ್ರಬಂಧ ಓದಿ ಅಜ್ಜಿಗೆ ಹೇಳುವ ಕಾಲ ಅದಾಗಿರಲಿಲ್ಲ.

ಜುಲೈ 8

ಬಗೆಹರಿಸಬೇಕಾದವರು ಬೇರೆಯವರೆಂದು ತಡವಾಗಿ ಹೊಳೆಯಿತು. ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ; ರಂಪಣಿಯವರನ್ನು ಈ ದಿನಗಳಲ್ಲಿ ಕಡಲೇ ತಡೆಯುತ್ತದೆ. ಹಾಗಾಗಿ ಎಲ್ಲರೂ ಬಲೆಯ ಚಪ್ಪರದಲ್ಲಿ ಸಿಗುತ್ತಾರೆ. ಹೊರಗೆ ಮಳೆ ಹೊಯ್ಯುತ್ತಿರುವಾಗ, ಮಡಿಲ ಮೇಲೆ ಬಲೆ ಹರಡಿಕೊಂಡು ಕೂತ ಏಳೆಂಟು ಜನರಿಗೆ ಪ್ರಬಂಧವನ್ನು ಕೊಂಕಣಿಯಲ್ಲಿ ಹೇಳುತ್ತ ಹೋದೆ. ಹೆಸರುಗಳನ್ನು ಬದಲಿಸಿದ್ದೇನೆ ಎಂದಾಗ, ಮೀನು ಮಾರುವ ಹಿರಿಯಳೊಬ್ಬಳಿಗೆ ಸಿಟ್ಟು ಬಂತು. "ಹೆಸರು ಮುಚ್ಚಲಿಕ್ಕೆ ನಾನೇನು ಮೀನು ಕದ್ದಿದ್ದೇನೆಯೇ?" ಎಂದಳು. ಊರಿನ ಹೆಸರನ್ನೂ ಹಾಕು ಎಂದವರೇ ಹೆಚ್ಚು. ಎಲ್ಲ ಮುಗಿದು ನಾನು ಕೊಡೆ ಬಿಡಿಸುವಾಗ, ಇಡೀ ಹೊತ್ತು ಮಾತಾಡದೆ ಕೂತಿದ್ದವರೊಬ್ಬರು ಹಿಂದೆಯೇ ಬಂದು, ನಾಲ್ಕನೆಯ ಅಧ್ಯಾಯದಲ್ಲಿರುವ ಸಾಲದ ಪ್ರಸಂಗ ಬೇಡ ಎಂದರು. ಅದರಲ್ಲಿ ಹೆಸರಿರಲಿಲ್ಲ, ವಯಸ್ಸನ್ನೂ ಬದಲಿಸಿದ್ದೆ. ಆದರೂ ಚಪ್ಪರದಲ್ಲಿದ್ದ ಎಲ್ಲರಿಗೂ ಅದು ಯಾರದೆಂದು ತಿಳಿದಿತ್ತು.

ಸಾಲದ ಪ್ರಸಂಗವನ್ನು ಪೂರ್ತಿ ತೆಗೆದೆ. ಆರುನೂರು ಪದ ಉಳಿಯಿತು. ನಾಲ್ಕನೆಯ ಅಧ್ಯಾಯ ಸ್ವಲ್ಪ ಕುಂಟುತ್ತದೆ, ಕುಂಟಲಿ. ಊರಿಗೆ ಕಲ್ಪಿತ ಹೆಸರು, ಆದರೆ ತಾಲ್ಲೂಕು ಮತ್ತು ನೌಕಾನೆಲೆಯ ಸಂಗತಿ ಹಾಗೆಯೇ ಇರುತ್ತವೆ. ಅವ್ವನ ಬುಟ್ಟಿ 'ಲೇಖಕನ ಬಾಲ್ಯದ ನೆನಪು' ಎಂದೇ ಹೋಗುತ್ತದೆ. ಚಪ್ಪರದಲ್ಲಿ ಓದಿ ಹೇಳಿದ್ದನ್ನೂ, ಒಂದು ಪ್ರಸಂಗವನ್ನು ಕೇಳಿಕೆಯ ಮೇರೆಗೆ ಬಿಟ್ಟದ್ದನ್ನೂ ವಿಧಾನದ ಭಾಗದಲ್ಲಿ ಎರಡು ವಾಕ್ಯಗಳಲ್ಲಿ ಸೇರಿಸಿದ್ದೇನೆ.

ಜುಲೈ 27

12ರಂದು ಕಳಿಸಿದ್ದ ಪ್ರಬಂಧ 23ರಂದು ಹಿಂದಿರುಗಿತು. ಪರಿಶೀಲಕರವರೆಗೂ ಹೋಗಲಿಲ್ಲ, ಸಂಪಾದಕರ ಮೇಜಿನಿಂದಲೇ ವಾಪಸು. ಸ್ಥಳೀಯ ವಿವರ ಸಮೃದ್ಧವಾಗಿದೆ, ವಾದ ಮೊದಲ ಪುಟಗಳಲ್ಲಿ ಕಾಣುವುದಿಲ್ಲ ಎಂಬ ಎರಡು ವಾಕ್ಯಗಳ ಪತ್ರ. ಎರಡು ದಿನ ಬೇಸರಪಟ್ಟು, ಮೂರನೆಯ ದಿನ ನಾನೇ ಮೊದಲ ಪುಟಗಳನ್ನು ಓದಿದೆ. ಐದನೆಯ ಪುಟದವರೆಗೆ ನಾನು ಕಡಲನ್ನು ವರ್ಣಿಸುತ್ತಿದ್ದೆ.

ಆಗಸ್ಟ್ 30

ಪೀಠಿಕೆಯನ್ನು ಹೊಸದಾಗಿ ಬರೆದು ಬೇರೊಂದು ಪತ್ರಿಕೆಗೆ ಕಳಿಸಿದೆ. ಈಗ ಅದು 'ಕೂಲಿಯಲ್ಲ, ಪಾಲು' ಎಂಬ ಮುದುಕರ ಮಾತಿನಿಂದ ತೊಡಗುತ್ತದೆ. ಯಂತ್ರ ಬಂದ ಮೇಲೆ ಪಾಲು ಕೂಲಿಯಾಗಿ ಬದಲಾಯಿತು ಎಂಬ ಸಾಮಾನ್ಯ ಕಥನಕ್ಕೆ ಈ ಊರು ಎಲ್ಲಿ ಒಪ್ಪುವುದಿಲ್ಲ ಎಂಬುದು ಎರಡನೆಯ ಪುಟದಲ್ಲೇ ಇದೆ.

ಆನ್‌ಲೈನ್ ಫಾರ್ಮು ತುಂಬಲು ಮೂರು ಸಂಜೆ ಬೇಕಾಯಿತು. ಸಂಶೋಧಕರನ್ನು ಗುರುತಿಸುವ ಹದಿನಾರು ಅಂಕಿಗಳ ಓರ್ಕಿಡ್ ಸಂಖ್ಯೆ ಉಚಿತವಾಗಿಯೇ ಸಿಕ್ಕಿತು. 'ಸಂಸ್ಥೆ' ಎಂಬ ಕಲಂ ಖಾಲಿ ಬಿಟ್ಟರೆ ಪುಟ ಮುಂದೆ ಹೋಗುತ್ತಿರಲಿಲ್ಲ. ಕೊನೆಗೆ 'ಸ್ವತಂತ್ರ ಸಂಶೋಧಕ, ಕಾರವಾರ' ಎಂದು ಹಾಕಿದೆ. ಎರಡು ಸಲ ಕರೆಂಟು ಹೋಗಿ ಸಾರಾಂಶವನ್ನು ಮತ್ತೆ ಟೈಪು ಮಾಡಬೇಕಾಯಿತು. ಸಂಪಾದಕರಿಗೆ ಬರೆದ ಪತ್ರದಲ್ಲಿ ಪ್ರಬಂಧ ಬೇರೆಲ್ಲಿಯೂ ಪರಿಶೀಲನೆಯಲ್ಲಿಲ್ಲ ಎಂಬ ಘೋಷಣೆ ಇದೆ. ಏಕಕಾಲಕ್ಕೆ ಎರಡು ಕಡೆ ಕಳಿಸಬಾರದೆಂಬ ನಿಯಮ ಈ ವಲಯದಲ್ಲಿ ಕಟ್ಟುನಿಟ್ಟು. ರಾತ್ರಿ 11ಕ್ಕೆ ಹಸ್ತಪ್ರತಿಯ ಕ್ರಮಸಂಖ್ಯೆ ಮಿಂಚಂಚೆಯಲ್ಲಿ ಬಂತು.

ಸೆಪ್ಟೆಂಬರ್ 21

ಸ್ಥಿತಿ ಇವತ್ತು 'ಸಂಪಾದಕರ ಬಳಿ'ಯಿಂದ 'ಪರಿಶೀಲನೆಯಲ್ಲಿ'ಗೆ ಬದಲಾಗಿದೆ. ನಾಲ್ಕೈದು ತಿಂಗಳು ಕೇಳಬೇಡಿ ಎಂದು ಉಪನ್ಯಾಸಕಿ ಎಚ್ಚರಿಸಿದ್ದಾಳೆ. ಬಲೆ ನಿನ್ನೆ ಈ ಹಂಗಾಮಿನಲ್ಲಿ ಮೊದಲ ಸಲ ನೀರಿಗಿಳಿಯಿತು. ನಾನು ಲೆಕ್ಕ ಬರೆದುಕೊಳ್ಳಲು ಹೋಗಿದ್ದೆ. ಎಡಗಡೆಯ ಹಗ್ಗಕ್ಕೆ ಜನ ಕಡಿಮೆಯಿದ್ದುದರಿಂದ ನೋಟುಬುಕ್ಕನ್ನು ಮರಳಿನ ಮೇಲಿಟ್ಟು ಹಗ್ಗ ಹಿಡಿದೆ. ಹನ್ನೆರಡು ಬಂಗಡೆ ಸಿಕ್ಕವು. ನಾಲ್ಕನೆಯ ಕೋಷ್ಟಕದಲ್ಲಿ ಈ ವರ್ಷದ ಸಾಲಿಗೆ ಅವನ್ನೂ ಸೇರಿಸಬೇಕು.